ಅಫಜಲಪುರದ ಆಟ

“ಗೆಜ್ಜಿ ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ!” ಮೇಳದ ಹಣಮಂತ್ರಾಯ ಮಾಸ್ತರರು ಗೆಜ್ಜೆಯ ಗಂಟನ್ನು ತೊಡೆಯ ಮೇಲಕ್ಕೆ ಎಳೆದುಕೊಂಡರು. “ಹೆಣ್ಮಗಳು ಗೆಜ್ಜಿ ಕಟ್ಟಿ ಆಟದ ಅಟ್ಟ ಏರಿದ್ರ ಅದು ದೊಡ್ಡಾಟ ಅಲ್ಲ, ಮಂಗ್ಯಾನಾಟ.”

ಮೆಹರಾಜಬೇಗಂ ಅಂಗಳದ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಇಂಗ್ಲೆಂಡಿನ ಲೆಸ್ಟರಿನಿಂದ ತವರೂರು ಸರಸಂಬಾಕ್ಕೆ ಬಂದು ಎಂಟು ದಿನವಾಗಿತ್ತು. ಅಲ್ಲಿ ಹೊಲಿಗೆ ಕಾರ್ಖಾನೆಯ ಹೆಂಗಸರನ್ನು ಕಟ್ಟಿಕೊಂಡು, ತನ್ನ ತಂದೆ ಕರೀಮಸಾಬ ರಾಣಿಯ ವೇಷ ಕಟ್ಟಿ ಆಡುತ್ತಿದ್ದ ಆಟವನ್ನೇ ಬಿಚ್ಚಿ ಹೊಸದಾಗಿ ಹೊಲಿದವಳು ಅವಳು. ಬೆಳಗಿನ ತನಕ ನಡೆಯುವ ಆಟ ಅವಳ ಕೈಯಲ್ಲಿ ಒಂದೂವರೆ ತಾಸಿಗೆ ಇಳಿದಿತ್ತು. ಹಳೆಯ ಆಟದಲ್ಲಿ ಸುಳ್ಳು ಅಪವಾದ ಹೊತ್ತ ರಾಣಿ ಕೊನೆಗೆ ರಾಜನ ಕಾಲಿಗೆ ಬೀಳುತ್ತಾಳೆ. ಮೆಹರಾಜಳ ರಾಣಿ ಬೀಳುವುದಿಲ್ಲ. ಲೆಸ್ಟರಿನ ಜನ ಟಿಕೀಟು ತೆಗೆದು ನೋಡಿ, ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಅವಳಿಗೆ ಅಷ್ಟು ಸಾಲದು. ಅಪ್ಪನ ಊರಲ್ಲಿ, ಅಪ್ಪನ ಗೆಜ್ಜೆ ಕಟ್ಟಿ, ಅಪ್ಪನ ಮೇಳದ ಮದ್ದಳೆಗೆ ಆಡಬೇಕು. ಅಲ್ಲಿಯ ತನಕ ತಾನು ಆಡಿದ್ದೆಲ್ಲ ನಕಲು ಎಂಬ ಕೊರಗು ಅವಳದು.

ಆದರೆ ಮೇಳಕ್ಕೊಂದು ಕಟ್ಟಳೆ ಇತ್ತು. ಹೆಣ್ಣಿನ ಪಾತ್ರವನ್ನು ಗಂಡಸೇ ಮಾಡಬೇಕು. ಪಾತ್ರಧಾರಿ ಸತ್ತರೆ ಗೆಜ್ಜೆ ಮಾಸ್ತರರ ವಶಕ್ಕೆ. ವರ್ಷ ತುಂಬಿದ ದಿನ ಅವರು ಅದನ್ನು ಸತ್ತವನ ಮನೆಗೇ ತಂದು, ಮುಂದೆ ಯಾರ ಕಾಲಿಗೆ ಎಂದು ಹೇಳಬೇಕು. ಕರೀಮಸಾಬ ತೀರಿಕೊಂಡು ಇಂದಿಗೆ ವರ್ಷ.

“ಇದು ನಿಂಬರ್ಗಾದ ಶಿವರಾಯಗ,” ಎಂದರು ಮಾಸ್ತರರು. “ನೀ ಅಲ್ಲಿ ಏನರೆ ಆಡಿಕೋ. ಇಲ್ಲಿ ಹೆಣ್ಣಾಗಾಕ ಗಂಡಸೇ ಬೇಕು.”

“ಯಾಕ್ರಿ ಕಾಕಾ?”

“ಹೆಣ್ಣಿಗಿ ರಾಣಿಯಂಗ ನಿಂದ್ರಾಕ ಬರಂಗಿಲ್ಲವಾ. ನಿಮ್ಮಪ್ಪ ಅಫಜಲಪುರದಾಗ ನಿಂತಂಗ ನಿಂದರತೀ ಏನು?”

ಬಾಗಿಲ ಪರದೆಯ ಹಿಂದೆ ರೊಟ್ಟಿ ಬಡಿಯುತ್ತಿದ್ದ ಸದ್ದು ಒಂದು ಗಳಿಗೆ ತಡೆದು ಮತ್ತೆ ಶುರುವಾಯಿತು. ಅಲ್ಲಿ ಇದ್ದವಳು ತಾಯಿ ಖಾಸೀಂಬಿ. ಮದುವೆಯಾದಾಗಿನಿಂದ ಗಂಡನ ತಾಲೀಮಿನಲ್ಲಿ ಎದುರಿಗೆ ಕೂತು ರಾಜನ ಮಾತು ಹೇಳುತ್ತ ಬಂದವಳು. ಈ ಎಂಟು ದಿನದಲ್ಲಿ ಆಟದ ಬಗ್ಗೆ ಮಗಳಿಗೆ ಅವಳು ಹೇಳಿದ್ದು ಒಂದೇ ಮಾತು: “ಎಡಗಾಲು ಮೊದಲ ಇಡು, ಬೇಟಾ.” ತಾಯಿಗೂ ಇದು ಸೇರದು ಎಂದೇ ಮೆಹರಾಜ ತಿಳಿದಿದ್ದಳು.

ಮಾಸ್ತರರು ಅಫಜಲಪುರದ ಆಟದ ಕಥೆ ತೆಗೆದರು. ಅದನ್ನು ಕೇಳದ ಕೂಸು ಊರಲ್ಲಿ ಇರಲಿಲ್ಲ. ಮೂವತ್ತೈದು ವರ್ಷದ ಹಿಂದಿನ ಮಾತು. ಮೇಳವೆಲ್ಲ ಮುಂದೆ ಹೋಗಿತ್ತು. ಆಟ ಶುರುವಾಗುವ ಹೊತ್ತಿಗೆ ಸರಿಯಾಗಿ ಕರೀಮಸಾಬ ಪರದೆ ಕಟ್ಟಿದ ಬಂಡಿಯಿಂದ ಇಳಿದ. ಮನೆಯಿಂದಲೇ ಬಣ್ಣ ಬಳಿದುಕೊಂಡು, ಸೀರೆ ಉಟ್ಟು ಬಂದಿದ್ದ. ಗಂಟಲು ಕೂತಿದೆ ಎಂದು ಕೈಸನ್ನೆ ಮಾಡಿದ. ಯಾರೊಡನೆಯೂ ಮಾತಿಲ್ಲ, ಕಥೆಯಿಲ್ಲ.

“ಅಟ್ಟ ಏರಿದ್ನೋ ಇಲ್ಲೋ, ಏನ್ ಧ್ವನಿ ಅದು! ಕಡೀಕ ರಾಜನ ಕಾಲಿಗಿ ಬೀಳೂದಿತ್ತು. ಬೀಳಲಿಲ್ಲ! ನೆಟ್ಟಗ ನಿಂತು ಅವನ್ನ ದಿಟ್ಟಿಸಿದ. ರಾಜನ ವೇಷದವನೇ ಹೆದರಿ ಎದ್ದು ನಿಂತ. ನಾನ ಈ ಕೈಯಾರೆ ಬೆಳ್ಳಿ ಕಡಗ ತೊಡಿಸಿದೆ. ಸರ್ರಂತ ಏರ್ತು.”

“ಅಂದ್ರ ಅಬ್ಬಾನ ರಾಣಿನೂ ಬೀಳಲಿಲ್ಲ,” ಎಂದಳು ಮೆಹರಾಜ. “ನಾ ಬೀಳದಿದ್ರ ಏನ್ ತಪ್ಪು?”

“ಅಂವ ಗಂಡಸು. ಅವಗ ಹಕ್ಕದ. ಅದೂ ಒಂದ ಸಲ. ಆಮ್ಯಾಲೆ ಹದಿನೈದು ದಿನ ಜ್ವರದಾಗ ಮಲಗಿ ಎದ್ದವ, ಮತ್ತ ಸುಮ್ಮ ಕಾಲಿಗಿ ಬೀಳಾಕ ಹತ್ತಿದ.”

ಮೆಹರಾಜಳಿಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಹೋಗಿ ಟ್ರಂಕಿನಿಂದ ಆ ಕಡಗ ತಂದಳು. ಅಪ್ಪ ಅದನ್ನು ತೊಟ್ಟಿದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ಆಳಂದದ ಅಡತಿ ಅಂಗಡಿಗಳಲ್ಲಿ ತೊಗರಿ ಚೀಲ ಹೊರುತ್ತಿದ್ದವನು. ಅಂಗೈ ಒಂದೊಂದೂ ಮೊರದಗಲ. ಕಡಗವನ್ನು ಮಾಸ್ತರರ ಮುಂದೆ ಚಾಪೆಯ ಮೇಲೆ ಕುಕ್ಕಿದಳು.

“ಇದನ್ನೂ ಒಯ್ರಿ ಕಾಕಾ! ಗೆಜ್ಜಿ ನಮ್ಮದಲ್ಲ ಅಂದ ಮ್ಯಾಲೆ ಇದ್ಯಾಕ ಬೇಕು? ನಾ ಆಡೂದು ಆಡೇ ಆಡ್ತೇನಿ. ಬರಿಗಾಲಲೇ ಆಡ್ತೇನಿ. ಮದ್ದಳಿ ಇಲ್ದೇ ಸಂತಿ ಬಯಲಾಗ ಆಡ್ತೇನಿ. ಯಾರು ತಡೀತಾರ ನೋಡೂಣು.”

ಮಾಸ್ತರರು ಪರದೆಯ ಕಡೆ ತಿರುಗಿದರು. “ಖಾಸೀಂಬಿ, ಮಗಳಿಗಿ ನೀನರೆ ಬುದ್ಧಿ ಹೇಳವಾ. ಅಫಜಲಪುರದ ಆಟ ನೀ ನೋಡೀದಿಲ್ಲೇನು?”

“ಇಲ್ರಿ, ಮಾಸ್ತರ್ರ. ಮಂದಿಯೆಲ್ಲ ನೋಡ್ತು. ನಾನೊಬ್ಬಾಕಿ ನೋಡಿಲ್ಲ.”

“ಕೇಳಿದ್ಯಾ?” ಮಾಸ್ತರರು ಮೀಸೆ ತೀಡಿದರು. “ಗಂಡನ ಆಟ ನೋಡಾಕೂ ಹೊಸ್ತಿಲ ದಾಟಲಿಲ್ಲ. ಹೆಣ್ಮಕ್ಕಳಂದ್ರ ಹಿಂಗಿರಬೇಕು.”

ರೊಟ್ಟಿ ಬಡಿಯುವ ಸದ್ದು ನಿಂತಿತು. ಪರದೆ ಸರಿಯಿತು. ಇಷ್ಟು ವರ್ಷದಲ್ಲಿ ಮಾಸ್ತರರ ಎದುರಿಗೆ ಎಂದೂ ಬಾರದ ಖಾಸೀಂಬಿ ಹೊರಗೆ ಬಂದಳು, ಎಡಗಾಲು ಮೊದಲು ಇಟ್ಟು. ಜೋಳದ ಹಿಟ್ಟು ಮೆತ್ತಿದ ಕೈಯಿಂದ ಕಡಗ ಎತ್ತಿಕೊಂಡು, ಬೆರಳು ಕೂಡಿಸಿ ತೂರಿಸಿದಳು. ಸರ್ರನೆ ಏರಿತು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಮಾಸ್ತರರನ್ನು ದಿಟ್ಟಿಸಿ ನಿಂತಳು. ಮಾಸ್ತರರು ತಮಗೆ ಗೊತ್ತಿಲ್ಲದೆಯೇ ಎದ್ದು ನಿಂತರು. ಗೆಜ್ಜೆಯ ಗಂಟು ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು.

“ಗೆಜ್ಜಿ ನನ್ನ ಮಗಳಿಗಿ ಕೊಡ್ರಿ, ಮಾಸ್ತರ್ರ. ಆವತ್ತು ಅವರು ಜ್ವರ ಬಂದು ಮನ್ಯಾಗ ಮಲಗಿದ್ರು. ಆಟ ನೋಡಿಲ್ಲ ಅಂದೆ, ಆಡಿಲ್ಲ ಅಂದೆನೇನ್ರಿ?”