ಹೊಸ ಮರದ ಶಿಲುಬೆ

ಆಲ್ಪ್ಸ್ ಕಣಿವೆಯಿಂದ ಶಿಖರಕ್ಕೆ ಹತ್ತುವ ಕಾಲುದಾರಿಯುದ್ದಕ್ಕೂ ಅಲ್ಲಲ್ಲಿ ಮರದ ಶಿಲುಬೆಗಳಿದ್ದವು. ಪ್ರತಿಯೊಂದರ ಮುಂದೆಯೂ ತಾಯಿ ಶೂ ಬಿಚ್ಚಿ, ಸೆರಗು ಹೊದ್ದು ಕೈ ಮುಗಿಯುತ್ತಿದ್ದಳು.

"ಇವು ದೇವರಲ್ಲಮ್ಮ. ಇಲ್ಲಿ ಬಿದ್ದು ಸತ್ತವರ ನೆನಪಿಗೆ ಊರವರು ನೆಟ್ಟಿದ್ದು," ಎಂದ ಹಿರಿಯ ಮಗ.

"ಸತ್ತ ಮೇಲೆ ದೇವರೇ ಕಣೋ. ನಿನ್ನ ತಮ್ಮ ಸಿಟ್ಟು ಬಿಟ್ಟು ಒಂದು ಫೋನ್ ಮಾಡ್ಲಿ ಅಂತ ಬೇಡ್ಕೋತಿದೀನಿ. ಇವೇ ಬೆಟ್ಟ ಅಲ್ವಾ ಅವನು ಹತ್ತುತಿದ್ದದ್ದು?"

ಮಗ ಅವಳ ಶೂ ಎತ್ತಿ ಕಾಲ ಬಳಿ ಇಟ್ಟ. ತಮ್ಮ ಮುನಿಸಿಕೊಂಡಿದ್ದಾನೆ ಎಂದು ವರ್ಷದಿಂದ ಹೇಳುತ್ತ ಬಂದವನು ಅವನೇ.

ಶಿಖರಕ್ಕೆ ತುಸು ಕೆಳಗೆ, ಬಂಡೆಯಂಚಿನಲ್ಲಿ ಇನ್ನೊಂದು ಶಿಲುಬೆ ಇತ್ತು. ಅದರ ಮರ ಇನ್ನೂ ಹೊಸದು. ದಾರಿಯುದ್ದಕ್ಕೂ ಸುಮ್ಮನೆ ನಿಂತು ಕಾಯುತ್ತಿದ್ದ ಮಗ ಇಲ್ಲಿ ತಾನೇ ಮೊದಲು ಕೂತು ಶೂ ಬಿಚ್ಚತೊಡಗಿದ. ಲೇಸಿನ ಗಂಟು ಅವನ ಬೆರಳಿಗೆ ಸಿಗುತ್ತಿರಲಿಲ್ಲ.

ತಾಯಿ ಅವನನ್ನೇ ನೋಡಿದಳು. ಆಮೇಲೆ ಮೆಲ್ಲನೆ ಹತ್ತಿರ ಹೋಗಿ, ಶಿಲುಬೆಯ ತುದಿಯನ್ನು ಅಂಗೈಯಿಂದ ಸವರುತ್ತ ನಿಂತಳು.

"ಕೈ ಮುಗಿಯಮ್ಮ," ಎಂದ ಮಗ, ತಲೆಯೆತ್ತದೆ.

"ಹೆತ್ತವಳು ಮಗನಿಗೆ ಕೈ ಮುಗೀಬಾರದು ಕಣೋ."