ಅಳಿಸು

ಸತ್ತವರ ದಾಖಲೆಗಳು ಮಾತನಾಡಲು ಶುರುಮಾಡಿದ ಮೇಲೆ, ಮಾಹಿತಿ ವ್ಯವಸ್ಥೆಯ ಮೊದಲ ಪ್ರಾಯೋಗಿಕ ತರಗತಿಗೆ ಮನೆಯ ತೀರಿಹೋದ ಹಿರಿಯರೊಬ್ಬರನ್ನು ತರುವುದು ವಾಡಿಕೆಯಾಗಿತ್ತು. ನೀಲಾಂಬಿಕೆ ತನ್ನ ಅಜ್ಜಿಯನ್ನು ತಂದಿದ್ದಳು. ಎಲ್ಲೋ ನಕಲಾಗಿ, ಪರದೆಯ ಮೇಲೆ ಇಬ್ಬರು ಅಜ್ಜಿಯರು ಅಕ್ಕಪಕ್ಕ ಕೂತಿದ್ದರು.

"ಒಬ್ಬರು ಅಸಲು, ಒಬ್ಬರು ನಕಲು. ನಕಲನ್ನ ತೆಗೀಬೇಕು, ಇವತ್ತಿಗೆ ಅಷ್ಟೇ ಪಾಠ," ಎಂದರು ಮೆಹರುನ್ನೀಸಾ ಮೇಡಂ.

ನಕಲು ಯಾರೆಂದು ಯಂತ್ರವೇ ನೋಡಿಕೊಳ್ಳಲಿ ಎಂದು ನೀಲಾಂಬಿಕೆ ಮೈಕಿನಲ್ಲಿ, "ಅಜ್ಜಿಯನ್ನು ಅಳಿಸು," ಎಂದಳು. ಯಂತ್ರಕ್ಕೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಅದು ಇಬ್ಬರಿಗೂ ಅಜ್ಜ ತೀರಿಕೊಂಡ ದಿನವನ್ನು ನೆನಪಿಸಿತು. ಎಡಗಡೆಯವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಪ್ರತಿ ವರ್ಷ ಯಾರಾದರೂ ಹೀಗೇ ಅಳಿಸ್ತೀರಿ," ಎಂದು ಮೇಡಂ ನಕ್ಕರು. "'ತೆಗೆ' ಅನ್ನಬೇಕಮ್ಮ."

ಬಲಗಡೆಯವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡು, "ಅದಿರಲಿ, ನೀನು ಉಂಡ್ಕೊಂಡು ಬಂದ್ಯೇನೇ?" ಎಂದು ಕೇಳಿದಳು.

ಅಜ್ಜನನ್ನು ಮಣ್ಣು ಮಾಡಿ ಬಂದ ದಿನವೂ ಅಜ್ಜಿ ಕೇಳಿದ್ದು ಅದನ್ನೇ. ನೀಲಾಂಬಿಕೆ ಎಡಗಡೆಯವಳತ್ತ ಬೆರಳು ತೋರಿಸಿ, "ತೆಗೆ," ಎಂದಳು. ಅಳು ನಿಂತಿತು, ಕುರ್ಚಿ ಖಾಲಿಯಾಯಿತು.

"ಇನ್ನೂ ಇಲ್ಲ ಅಜ್ಜಿ," ಎನ್ನಲು ಹೋದವಳಿಗೆ ಕಣ್ಣು ತುಂಬಿ ಬಂತು.

ಅಜ್ಜಿ ಇವತ್ತೂ ಅಳಲಿಲ್ಲ, ಅಳಿಸಿದಳು.