ಬಿನ್ನವತ್ತಳೆ

"ನೀವು ಒಳಗೆ ಬಂದರೆ ಕೋಣೆಗೆ ದೀಪ ಹಚ್ಚಿದಂತೆ" ಎಂದು ಹೆಡ್‌ಮಿಸ್ಟ್ರೆಸ್ ಬಿನ್ನವತ್ತಳೆ ಓದುತ್ತಿದ್ದಾಗ, ನಿವೃತ್ತಿಯ ಹಾರ ಹಾಕಿಸಿಕೊಂಡು ಕುಳಿತಿದ್ದ ಶೆಫಾಲಿ ಟೀಚರ್ ಎದುರಿಗಿದ್ದ ಗಂಡನನ್ನೇ ನೋಡಿದಳು. ನಿರುಪಮ್ ತಲೆ ತಗ್ಗಿಸಿದ. ಕೃಷ್ಣನಗರದ ಅರ್ಧ ಬಿನ್ನವತ್ತಳೆಗಳು ಅವನವೇ. ಒಂದೇ ನಮೂನೆ ಇಟ್ಟುಕೊಂಡು ಹೆಸರು ಬದಲಿಸಿ ಕೊಡುವುದು ಅವನ ಹೊಟ್ಟೆಪಾಡು. ಈ ಸಲವೂ ಹೆಸರೊಂದನ್ನೇ ಬದಲಿಸಿದ್ದ.

ಮನೆಗೆ ಹೋಗುವಾಗ ರಿಕ್ಷಾದಲ್ಲಿ, ಕಟ್ಟು ಹಾಕಿಸಿದ ಬಿನ್ನವತ್ತಳೆಯನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಅವಳು ಕೇಳಿದಳು:

"ಆ ದೀಪದ ಮಾತು, ಮದುವೆಗೆ ಮುಂಚೆ ನಂಗೆ ಬರೆದ ಕಾಗದದ್ದಲ್ವೇನ್ರೀ?"

"ಹೂಂ. ಅದಕ್ಕಿಂತ ಒಳ್ಳೇ ಮಾತು ನಂಗೆ ಆಮೇಲೆ ಹೊಳೀಲೇ ಇಲ್ಲ ಕಣೇ."

"ಹೋದ ವರ್ಷ ಗುಮಾಸ್ತ ಹಾಲ್ದಾರ್ ಬಾಬುಗೆ ಓದ್ದಾಗ್ಲೇ ಗೊತ್ತಾಗಿತ್ತು. ನನ್ನ ಸರದಿಗಾದ್ರೂ ಬೇರೆ ಬರೀತೀರಿ ಅಂದ್ಕೊಂಡು ಸುಮ್ನಿದ್ದೆ."